ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಮಕ್ಕಳೇ, ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದೀರಾ? ಈ ಗೃಹಿಣಿಯ ನಾಲ್ಕು ಮಾತು ಕೇಳಿ ಹೋಗಿ.

ವಿಡಿಯೋ ಸಂಕಲನ ಕಲಿಯುವ ಮಗಳಿಗೆ, ಮನೆಖರ್ಚಿನಲ್ಲಿ ಉಳಿಸಿದ ಹಣದಿಂದ ತೆಳ್ಳನೆಯ, ಚೆಂದದ ಲ್ಯಾಪ್‌ಟಾಪ್ ಕೊಡಿಸಿದೆ. ರ‍್ಯಾಮ್ 8 ಜಿಬಿ. ನಮ್ಮ ರಾಜ್ಯೋತ್ಸವದ ಚಿತ್ರೀಕರಣ ಜೋಡಿಸಲು ಕುಳಿತರೆ ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. ರ‍್ಯಾಮ್ ಹೆಚ್ಚಿಸೋಣವೆಂದರೆ ಅದನ್ನು ಮದರ್‌ಬೋರ್ಡಿಗೇ ಬೆಸೆದಿದ್ದರು! ಅಂಗಡಿಯವರು ಹೇಳಲಿಲ್ಲ; ನಾನೂ ಕೇಳಲಿಲ್ಲ.

ನೀವು ಕೇಳಿ. ನಿಮ್ಮ ತಂತ್ರಾಂಶಕ್ಕೆ ಏನು ಬೇಕೆಂದು ಮೊದಲು ಓದಿಕೊಳ್ಳಿ. ಉಚಿತವಾಗಿಯೂ ಸಿಗುವ ಡಾವಿಂಚಿ ರಿಸಾಲ್ವ್‌ಗೆ ವಿಂಡೋಸ್‌ನಲ್ಲಿ 16 ಜಿಬಿ ರ‍್ಯಾಮ್ ಬೇಕು. ಅದರ ಫ್ಯೂಷನ್ ವಿಭಾಗಕ್ಕೆ 32. ಜಾಗ ಸಾಲದಿದ್ದರೆ ಹೊರಗಿನ ಡಿಸ್ಕ್ ಜೋಡಿಸಬಹುದು. ಬೆಸೆದ ರ‍್ಯಾಮನ್ನೂ ಗ್ರಾಫಿಕ್ಸ್ ಚಿಪ್ಪನ್ನೂ ಆಮೇಲೆ ಬದಲಿಸಲಾಗದು. ಹಣ ಮೊದಲು ಅಲ್ಲಿಗೆ ಹೋಗಲಿ. ಚಿತ್ರ ಬಿಡಿಸುವವರು ಪರದೆಯನ್ನೂ ನೋಡಿ: ಶೇ. 45 ಎನ್‌ಟಿಎಸ್‌ಸಿ ಎಂದಿದ್ದರೆ ಬಣ್ಣ ಪೇಲವ, ಶೇ. 100 ಎಸ್‌ಆರ್‌ಜಿಬಿ ಇರಲಿ.

ನನ್ನ ಮಗಳು ಸುಮ್ಮನೆ ಕೂರಲಿಲ್ಲ. ವಿಡಿಯೋದ ಹಗುರ ಪ್ರತಿಗಳನ್ನು, ಅಂದರೆ ಪ್ರಾಕ್ಸಿಗಳನ್ನು, ಮಾಡಿಕೊಂಡು ಅದರಲ್ಲೇ ಸಂಕಲನ ಮುಗಿಸಿದಳು. ಆದರೂ ಹೇಳುತ್ತೇನೆ, ಸೀರೆ ಕೊಳ್ಳುವಾಗ ಸೆರಗು ಬಿಚ್ಚಿ ನೋಡುವುದಿಲ್ಲವೇ? ಇಲ್ಲಿಯೂ ಮಡಿಕೆ ಬಿಡಿಸಿಯೇ ಹಣ ಎಣಿಸಿ.