ಬೋರ್ಡಿನ ಮೇಲೆ ಯಾರ ಹೆಸರು?

ನ್ಯೂಜಿಲೆಂಡ್‌ನಲ್ಲಿ ಒಂದು ಪಬ್ಬಿಗೆ ಹೋದ್ರಿ ಅಂದ್ಕೊಳ್ಳಿ. ಒಳಗಡೆ ಎದ್ದು ಕಾಣೋ ಹಾಗೆ ಒಂದು ಪುಟ್ಟ ಬೋರ್ಡ್. ‘ಡ್ಯೂಟಿ ಮ್ಯಾನೇಜರ್’, ಪಕ್ಕದಲ್ಲೇ ಒಂದು ಹೆಸರು. ಶಿಫ್ಟ್ ಬದಲಾದ್ರೆ ಹೆಸರೂ ಬದಲಾಗ್ಬೇಕು.

ಅಲ್ಲಿ ಅಂಗಡಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಕೆಲಸ ನಡೆಯಲ್ಲ. 2012ರ ಮದ್ಯ ಕಾಯ್ದೆ ಪ್ರಕಾರ, ಮಾರಾಟ ನಡೆಯೋವಾಗ ಮ್ಯಾನೇಜರ್ ಸರ್ಟಿಫಿಕೇಟ್ ಇರೋ ಒಬ್ಬರು ಡ್ಯೂಟಿಯಲ್ಲಿ ಇರಲೇಬೇಕು. ಸಣ್ಣಪುಟ್ಟ ವಿನಾಯಿತಿ ಬಿಡಿ.

ಓದೋಕೆ ಅಂತ ಆಕ್ಲೆಂಡ್‌ಗೆ ಹೋಗಿ ಹೋಟೆಲ್ ಕೆಲಸಕ್ಕೆ ಸೇರೋ ನಮ್ಮ ಹುಡುಗರು ಇದನ್ನ ಕೇಳಿಸ್ಕೊಳ್ಳಿ. ಈ ಸರ್ಟಿಫಿಕೇಟಿಗೆ ವಯಸ್ಸು 20 ಆಗಿರ್ಬೇಕು. ತಮಾಷೆ ಏನಂದ್ರೆ, ಬಿಯರ್ ಕೊಳ್ಳೋಕೆ 18 ಸಾಕು!

ಮೊದಲು ‘ಎಲ್‌ಸಿಕ್ಯೂ’ ಅನ್ನೋ ಅರ್ಹತೆ ಪಡೀಬೇಕು. ಆಮೇಲೆ ಸ್ಥಳೀಯ ಲೈಸೆನ್ಸಿಂಗ್ ಸಮಿತಿಗೆ ಅರ್ಜಿ. ನಿಮ್ಮ ನಡತೆ, ಹಳೇ ಕೇಸು, ಅನುಭವ ಎಲ್ಲ ನೋಡ್ತಾರೆ. ಪೊಲೀಸರನ್ನೂ ಕೇಳ್ತಾರೆ. ಸಿಕ್ಕಿದ್ದು ಮೊದಲು ಒಂದೇ ವರ್ಷಕ್ಕೆ. ನವೀಕರಿಸಿದ್ರೆ ಮೂರು ವರ್ಷ. ಪಬ್ ಬದಲಾಯಿಸಿದ್ರೂ ಸರ್ಟಿಫಿಕೇಟ್ ನಿಮ್ಮದೇ.

ಕಷ್ಟ ಇರೋದು ಅರ್ಜಿಯಲ್ಲಲ್ಲ, ಶುಕ್ರವಾರ ರಾತ್ರಿಯಲ್ಲಿ. ಗಿರಾಕಿ ಇನ್ನೊಂದು ಗ್ಲಾಸ್ ಕೇಳ್ತಾನೆ. ಮಾತು ತೊದಲ್ತಿದೆಯಾ? ನಡಿಗೆ ತಪ್ತಿದೆಯಾ? ಕಣ್ಣು, ಬಟ್ಟೆ ಹೇಗಿದೆ? ಪಕ್ಕದವರ ಮೇಲೆ ರೇಗ್ತಿದಾನಾ? ಈ ನಾಲ್ಕನ್ನ ಅಳೆದು ನೋಡೋಕೆ ತರಬೇತೀಲೇ ಹೇಳ್ಕೊಟ್ಟಿರ್ತಾರೆ. ಅಮಲೇರಿದೆ ಅನ್ನಿಸಿದ್ರೆ ಕೊಡೋ ಹಾಗಿಲ್ಲ. ಕೊಟ್ರೆ ಮಾಲೀಕರ ಜೊತೆ ಮ್ಯಾನೇಜರ್ ತಲೆ ಮೇಲೂ ಬರುತ್ತೆ.

ಆತ ‘ನಂಗೇನಾಗಿಲ್ಲ ಗುರು’ ಅಂತ ಕೌಂಟರ್ ಹಿಡ್ಕೊಂಡೇ ನಿಂತಿದಾನೆ. ನೀವು ನೀರು ಕೊಡ್ತೀರಿ, ಊಟದ ಮೆನು ಮುಂದಿಡ್ತೀರಿ, ಟ್ಯಾಕ್ಸಿಗೆ ಫೋನ್ ಮಾಡ್ತೀರಿ.