ಪೆನ್‌ಫೀಲ್ಡರ ಶಸ್ತ್ರವಿದ್ಯೆಯೂ ಮಾಂಟ್ರಿಯಾಲ್ ನರಸಂಸ್ಥೆಯೂ

ಮಿದುಳನ್ನು ಕೊಯ್ಯುವ ವೈದ್ಯನಿಗೆ ಕೈಚಳಕವೊಂದಿದ್ದರೆ ಸಾಲದು. ಯಾವ ಭಾಗವನ್ನು ತೆಗೆದರೆ ರೋಗವು ಹೋಗುವುದು, ಯಾವುದನ್ನು ತೆಗೆದರೆ ರೋಗಿಯ ಮಾತೇ ಹೋಗುವುದು ಎಂಬುದು ಬರಿಗಣ್ಣಿಗೆ ಕಾಣತಕ್ಕ ಸಂಗತಿಯಲ್ಲ. ಈ ತೊಡಕನ್ನು ಒಬ್ಬನೇ ಬಿಡಿಸಲಾರನೆಂದರಿತು ಅದಕ್ಕೆ ತಕ್ಕ ಸಂಸ್ಥೆಯನ್ನು ಕಟ್ಟಿದವರು ವೈಲ್ಡರ್ ಪೆನ್‌ಫೀಲ್ಡರು (1891–1976).

ಅಮೆರಿಕದಲ್ಲಿ ಹುಟ್ಟಿದ ಇವರು ಆಕ್ಸ್‌ಫರ್ಡಿನಲ್ಲಿ ಶೆರಿಂಗ್ಟನ್ನರಿಂದ ನರಗಳ ವ್ಯಾಪಾರವನ್ನು ಕಲಿತರು. 1924ರಲ್ಲಿ ಮ್ಯಾಡ್ರಿಡ್ಡಿಗೆ ಹೋಗಿ, ಬೆಳ್ಳಿಯ ಲವಣಗಳಿಂದ ಮಿದುಳಿನ ಜೀವಕೋಶಗಳಿಗೆ ಬಣ್ಣವೇರಿಸುವ ಕ್ರಮವನ್ನು ರಿಯೊ ಒರ್ತೇಗರಿಂದ ಅರಿತರು. 1928ರಲ್ಲಿ ಬ್ರೆಸ್ಲಾವಿನ ಫೋರ್ಸ್ಟರರ ಬಳಿ, ಅಪಸ್ಮಾರಕ್ಕೆ ಮೂಲವಾದ ಗಾಯದ ಕಲೆಯನ್ನು ಮಿದುಳಿನಿಂದ ತೆಗೆಯುವ ವಿಧಾನವನ್ನು ಕಂಡರು. ಹೀಗೆ ಬೇರೆಬೇರೆ ದೇಶಗಳಲ್ಲಿ ದೊರೆತ ವಿದ್ಯೆಗಳನ್ನು ಒಂದೇ ಸೂರಿನಡಿಯಲ್ಲಿ ನೆಲೆಗೊಳಿಸಬೇಕೆಂಬುದು ಅವರ ಹಂಬಲವಾಯಿತು.

ಆ ವರ್ಷದ ಕೊನೆಯಲ್ಲಿಯೇ ಅವರು ತಮ್ಮ ಸೋದರಿಯ ಮಿದುಳಿನ ಗೆಡ್ಡೆಯನ್ನು ತಾವೇ ಕೊಯ್ಯಬೇಕಾಗಿ ಬಂದಿತು. ಬಲ ಮುಂಭಾಗದ ಬಹ್ವಂಶವನ್ನು ತೆಗೆದರೂ ಬೇರು ಉಳಿಯಿತು. 1931ರಲ್ಲಿ ಆಕೆ ತೀರಿಕೊಂಡರು. ನಡುವಣ ಕಾಲದಲ್ಲಿ ಆಕೆಯ ಮಾತುಕತೆಗಳಲ್ಲಿ ಕುಂದೇನೂ ತೋರದು. ಆದರೆ ನೆಂಟರಿಗೆ ಅಡಿಗೆ ಮಾಡಲು ನಿಂತಾಗ, ಸಾಮಗ್ರಿಯೆಲ್ಲ ಮುಂದಿದ್ದರೂ ಯಾವುದರ ಮೇಲೆ ಯಾವುದೆಂದು ಹೊಂದಿಸಲಾರದೆ ಹೋದರು. ತಮ್ಮನಾದವರು ಇದನ್ನು ಕಂಡು, ವೈದ್ಯರಾಗಿ 1935ರಲ್ಲಿ ಪ್ರಕಟಿಸಿದರು.

ಸಂಸ್ಥೆಗೆ ಧನವು ಸುಲಭವಾಗಿ ದೊರೆಯಲಿಲ್ಲ. ಮೊದಲು ಒಲ್ಲೆನೆಂದ ರಾಕ್‌ಫೆಲರ್ ನಿಧಿಯೇ 1932ರಲ್ಲಿ 12 ಲಕ್ಷ ಡಾಲರುಗಳಿಗೂ ಮಿಕ್ಕಿ ಕೊಟ್ಟಿತು. ಕ್ವಿಬೆಕ್ ಸರಕಾರ, ಮಾಂಟ್ರಿಯಾಲ್ ನಗರ, ದಾನಿಗಳು ಉಳಿದುದನ್ನು ಹೊತ್ತರು. 1934ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬಾಗಿಲು ತೆರೆಯಿತು. ವೆಲ್ಲೂರಿನಲ್ಲಿ 1949ರಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ಆರಂಭಿಸಿದ ಜೇಕಬ್ ಚಾಂಡಿಯವರು ಇಲ್ಲಿ ಕಲಿತವರು.

ಮಿದುಳಿಗೆ ನೋವಿನ ಅರಿವಿಲ್ಲ. ನೆತ್ತಿಯ ಚರ್ಮಕ್ಕಷ್ಟೆ ಮದ್ದು ಕೊಟ್ಟು, ಎಚ್ಚರವಾಗಿರುವ ರೋಗಿಯೊಡನೆ ಮಾತಾಡುತ್ತ, ಅತ್ಯಲ್ಪ ವಿದ್ಯುತ್ತನ್ನು ಅಲ್ಲಲ್ಲಿ ಮುಟ್ಟಿಸುವರು. ಬೆರಳು ಅಲುಗಿದರೆ, ನಾಲಗೆ ಜುಮ್ಮೆಂದರೆ, ಮಾತು ತಡೆದರೆ, ಆ ಎಡೆಯಲ್ಲಿ ಅಂಕೆಯ ಚೀಟಿಯನ್ನಿಟ್ಟು ಬರೆದುಕೊಳ್ಳುವರು. ಮಾತು ತಡೆದ ಎಡೆಯನ್ನು ಉಳಿಸಿಕೊಳ್ಳಬೇಕು. 1938ರಲ್ಲಿ ಬಂದು ಸೇರಿದ ಜಾಸ್ಪರರು ಮಿದುಳಿನ ವಿದ್ಯುತ್ತರಂಗಗಳನ್ನು ಓದಿ, ಅಪಸ್ಮಾರವು ಹೊರಡುವ ತಾಣವನ್ನು ಗುರುತಿಸುತ್ತಿದ್ದರು.

ಆದರೂ ಪ್ರಮಾದಗಳಾದುವು. ಒಬ್ಬ ಎಂಜಿನಿಯರನ ಎಡ ಕಪೋಲಭಾಗದ ಒಳಗಣ ಹಿಪೊಕ್ಯಾಂಪಸ್ಸನ್ನು ತೆಗೆದ ಬಳಿಕ, ಬುದ್ಧಿ ಕುಂದದಿದ್ದರೂ ಹೊಸ ಸಂಗತಿಯಾವುದೂ ಆತನ ನೆನಪಿನಲ್ಲಿ ನಿಲ್ಲದಾಯಿತು. 1950ರಲ್ಲಿ ಅಲ್ಲಿಗೆ ಬಂದ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರರು ಆತನನ್ನು ಪರೀಕ್ಷಿಸಿದರು. ಬಲಭಾಗವು ಮೊದಲೇ ಕೆಟ್ಟಿದ್ದಿರಬೇಕೆಂದು ಇಬ್ಬರೂ ಊಹಿಸಿ, ಈ ಸೋಲನ್ನು 1955ರಲ್ಲಿ ವೈದ್ಯಸಭೆಯ ಮುಂದಿಟ್ಟರು. ಗೆಲುವುಗಳನ್ನೇ ಎಣಿಸುವ ವೃತ್ತಿಯಲ್ಲಿ ಇದು ಸಾಮಾನ್ಯ ಧೈರ್ಯವಲ್ಲ. ಅದನ್ನರಿತ ಸ್ಕೋವಿಲ್ ಎಂಬ ಇನ್ನೊಬ್ಬ ಶಸ್ತ್ರವೈದ್ಯರು ತಮ್ಮಲ್ಲಿಯೂ ಅಂತಹ ರೋಗಿಯಿರುವನೆಂದು ತಿಳಿಸಿದರು. ಸ್ಮೃತಿಯ ವಿಚಾರವಾಗಿ ಮಿಲ್ನರರು ನಡೆಸಿದ ಪ್ರಸಿದ್ಧ ಶೋಧನೆಗೆ ಅದು ದಾರಿಯಾಯಿತು.

ಎಂಜಿನಿಯರನು 1964ರಲ್ಲಿ ಅನ್ಯಕಾರಣದಿಂದ ಮೃತನಾದನು. ಶವಪರೀಕ್ಷೆಯಲ್ಲಿ, ಬಲಗಡೆಯ ಹಿಪೊಕ್ಯಾಂಪಸ್ಸು ಬಹುಕಾಲದ ಹಿಂದೆಯೇ ಕುಗ್ಗಿಹೋಗಿದ್ದುದು ಕಂಡುಬಂದಿತು. 1974ರಲ್ಲಿ ಪೆನ್‌ಫೀಲ್ಡರು ರೋಗಲಕ್ಷಣಶಾಸ್ತ್ರಜ್ಞ ಮ್ಯಾಥಿಸನ್ನರೊಡಗೂಡಿ ಅದನ್ನು ಪ್ರಕಟಿಸಿದಾಗ ಅವರಿಗೆ ಎಂಬತ್ತು ವರ್ಷ ಮೀರಿದ್ದಿತು.