ಹಕ್ಕಿಗಳಿವೆ ಸರಿ, ಎಷ್ಟು ಎತ್ತರದಲ್ಲಿ?

ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವಾಗ ಸುತ್ತಮುತ್ತಲ ಮಾಂಸದಂಗಡಿಗಳು ಬಾಗಿಲು ಹಾಕಬೇಕಾಗುತ್ತದೆ. 2025ರಲ್ಲಿ ಬಿಬಿಎಂಪಿ ಜನವರಿ 23ರಿಂದ ಫೆಬ್ರವರಿ 17ರವರೆಗೆ, ನೆಲೆಯಿಂದ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನೇ ನಿಲ್ಲಿಸಿತ್ತು. ಕಾರಣ ಧಾರ್ಮಿಕವೂ ಅಲ್ಲ, ರಾಜಕೀಯವೂ ಅಲ್ಲ, ಹದ್ದು. ಅಂಗಡಿ ಹಿಂದೆ ಎಸೆದ ಕರುಳು, ಚರ್ಮಕ್ಕಾಗಿ ಬೆಂಗಳೂರಿನ ಹದ್ದುಗಳು ಸುತ್ತು ಹೊಡೆಯುವ ಎತ್ತರವೂ, ಯುದ್ಧವಿಮಾನಗಳು ಕಸರತ್ತು ತೋರಿಸುವ ಎತ್ತರವೂ ಹೆಚ್ಚುಕಡಿಮೆ ಒಂದೇ. ಪ್ರದರ್ಶನ ಮುಗಿದ ಮೇಲೆ ಅಂಗಡಿಗಳು ತೆರೆಯುತ್ತವೆ, ಹದ್ದುಗಳೂ ಮರಳುತ್ತವೆ. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿದು ಚರ್ಮ ಸುಲಿಯುವುದು, ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯುವುದು ಕೂಡದೆಂದು 1937ರ ವಿಮಾನ ನಿಯಮಗಳಲ್ಲೇ ಇದೆ. ನಿಯಮ ಹಳೆಯದು, ಕಸದ ರಾಶಿ ಹೊಸದು.

ಯಲಹಂಕದ ಪಕ್ಕದ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆಯಿದೆ. ಅಲ್ಲಿಯಾಗಲಿ, ದೇಶದ ಬೇರೆ ಕಡೆಯಾಗಲಿ, ಪೈಲಟ್ ಆಗಹೊರಟವರು ಡಿಜಿಸಿಎ ಪರೀಕ್ಷೆಗೆ ಓದುವಾಗ ಹಕ್ಕಿ ಅವರಿಗೆ ಮೊದಲು ಎದುರಾಗುವುದು ರೆಕ್ಕೆಪುಕ್ಕಗಳ ಜೀವಿಯಾಗಿ ಅಲ್ಲ, ಸಂಕೇತವಾಗಿ. ಪೈಲಟ್‌ಗಳಿಗೆ ಹೊರಡಿಸುವ ತಾತ್ಕಾಲಿಕ ಸೂಚನೆಗೆ ನೋಟಾಮ್ ಎಂದು ಹೆಸರು. ಅದರಲ್ಲಿ ಕ್ಯೂ ಅಕ್ಷರದ ನಂತರ ‘ಎಫ್‌ಎ’ ಬಂದರೆ ವಿಷಯ ವಿಮಾನ ನಿಲ್ದಾಣದ್ದು; ಅದರ ಮುಂದೆ ‘ಎಚ್‌ಎಕ್ಸ್’ ಇದ್ದರೆ ಅಲ್ಲಿ ಹಕ್ಕಿಗಳು ಜಮಾಯಿಸಿವೆ. ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಉಳಿಯುವ ಸಂಗತಿ ನೋಟಾಮ್‌ನಲ್ಲಿರಬಾರದು, ಏಐಪಿ ಎಂಬ ವಿಮಾನಯಾನ ಮಾಹಿತಿ ಪುಸ್ತಕದ ಸಪ್ಲಿಮೆಂಟಿಗೆ ಹೋಗಬೇಕು. ಪಾಸಾಗಲು ನೂರಕ್ಕೆ 70 ಬೇಕಾದ ಪರೀಕ್ಷೆಯಲ್ಲಿ ಇಂಥವು ಸುಲಭದ ಅಂಕಗಳು. ಕಂಠಪಾಠ ಮಾಡಿದರಾಯಿತು.

ತೊಂದರೆಯೆಂದರೆ, ಹಕ್ಕಿಗಳು ತಾತ್ಕಾಲಿಕವೂ ಅಲ್ಲ, ಕಾಯಂ ಕೂಡ ಅಲ್ಲ. ‘ನಿಲ್ದಾಣದ ಆಸುಪಾಸಿನಲ್ಲಿ ಹಕ್ಕಿಗಳ ಓಡಾಟವಿದೆ, ಎಚ್ಚರದಿಂದಿರಿ’ ಎಂಬ ಮಾತು ಎಷ್ಟೋ ನಿಲ್ದಾಣಗಳಲ್ಲಿ ವರ್ಷವಿಡೀ ಕೇಳಿಬರುತ್ತದೆ. ಗೇಟಿಗೆ ನೇತುಹಾಕಿದ ‘ನಾಯಿ ಇದೆ’ ಬೋರ್ಡಿನಂತೆ ಅದು. ನಾಯಿ ಈಗ ಅಂಗಳದಲ್ಲಿದೆಯೋ, ಸತ್ತು ನಾಲ್ಕು ವರ್ಷವಾಯಿತೋ ತಿಳಿಯುವುದಿಲ್ಲ. ಹಕ್ಕಿ ಯಾವುದು, ಎಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಹೊತ್ತಿಗೆ ಎಂದು ಹೇಳದ ಎಚ್ಚರಿಕೆ ಪೈಲಟ್‌ನ ಕೈಗೆ ಏನನ್ನೂ ಕೊಡುವುದಿಲ್ಲ. ಹೊಣೆಯನ್ನು ಮಾತ್ರ ಕೊಡುತ್ತದೆ.

ಎಚ್ಚರಿಕೆ ತೀರಾ ತಡವಾದರೂ ಅಷ್ಟೇ. 2024ರ ಡಿಸೆಂಬರ್ 29ರ ಬೆಳಿಗ್ಗೆ ದಕ್ಷಿಣ ಕೊರಿಯದ ಮುವಾನ್‌ನಲ್ಲಿ ಜೆಜು ಏರ್ ವಿಮಾನ ಇಳಿಯಲು ಬರುತ್ತಿತ್ತು. 8:57ಕ್ಕೆ ಟವರ್ ಹಕ್ಕಿಗಳ ಬಗ್ಗೆ ಎಚ್ಚರಿಸಿತು. 8:58ಕ್ಕೆ ಪೈಲಟ್‌ಗಳು ತಮ್ಮ ಕೆಳಗೆ ಹಕ್ಕಿಗಳಿರುವುದನ್ನು ಮಾತಾಡಿಕೊಂಡರು. ಆ ನಿಮಿಷ ಮುಗಿಯುವುದರೊಳಗೆ ವಿಮಾನದ ಎರಡೂ ಬ್ಲ್ಯಾಕ್‌ಬಾಕ್ಸ್ ರೆಕಾರ್ಡರ್‌ಗಳು ನಿಂತುಹೋಗಿದ್ದವು. ಚಕ್ರಗಳಿಲ್ಲದೆ ಇಳಿದ ವಿಮಾನ ರನ್‌ವೇ ದಾಟಿ ಕಾಂಕ್ರೀಟ್ ಹೊಂದಿದ್ದ ದಿಬ್ಬಕ್ಕೆ ಬಡಿಯಿತು. 181 ಜನರಲ್ಲಿ ಉಳಿದವರು ಇಬ್ಬರು. ಎರಡೂ ಎಂಜಿನ್‌ಗಳಲ್ಲಿ ಸಿಕ್ಕ ಪುಕ್ಕ ಮತ್ತು ರಕ್ತ ಬೈಕಲ್ ಟೀಲ್ ಎಂಬ ಬಾತಿನವು. ಚಳಿಗಾಲಕ್ಕೆ ಕೊರಿಯಕ್ಕೆ ದೊಡ್ಡ ದೊಡ್ಡ ಹಿಂಡುಗಳಲ್ಲಿ ಬರುವ, ಸುಮಾರು ಅರ್ಧ ಕಿಲೋ ತೂಗುವ ಹಕ್ಕಿ ಅದು.

ಅಷ್ಟು ಚಿಕ್ಕ ಹಕ್ಕಿ ಅಷ್ಟು ದೊಡ್ಡ ವಿಮಾನವನ್ನು ಹೇಗೆ ಕೆಡವೀತು? ಹೊಡೆತದ ಶಕ್ತಿ ತೂಕದ ಜೊತೆ ನೇರವಾಗಿ ಏರುತ್ತದೆ, ವೇಗದ ಜೊತೆಗಾದರೆ ಅದರ ವರ್ಗದಷ್ಟು. ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಕು ಪಟ್ಟು. ಹಾಗಾಗಿ ದೊಡ್ಡ ವಿಮಾನದ ಮುಂಗಾಜು ನಾಲ್ಕು ಪೌಂಡಿನ, ಅಂದರೆ 1.8 ಕಿಲೋ ತೂಕದ ಹಕ್ಕಿಯ ಹೊಡೆತ ತಾಳಬೇಕೆಂಬ ನಿಯಮವಿದೆ. ಎಂಜಿನ್‌ಗಳಿಗೂ ಹಕ್ಕಿ ನುಂಗಿಸುವ ಪರೀಕ್ಷೆಗಳಿವೆ. ಆದರೆ ಹಿಂಡಿಗೆ ಈ ಪರೀಕ್ಷೆಗಳು ಗೊತ್ತಿಲ್ಲ. 1960ರ ಅಕ್ಟೋಬರ್ 4ರಂದು ಬಾಸ್ಟನ್‌ನಲ್ಲಿ ಮೇಲೇರಿದ ಲಾಕ್‌ಹೀಡ್ ಎಲೆಕ್ಟ್ರಾ ವಿಮಾನವನ್ನು ಉರುಳಿಸಿ 62 ಜನರ ಸಾವಿಗೆ ಕಾರಣವಾದದ್ದು ನಮ್ಮ ಗೊರವಂಕದ ಬಳಗದ ಸ್ಟಾರ್ಲಿಂಗ್. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಗೆ ಇಳಿದ ವಿಮಾನದ ಎರಡೂ ಎಂಜಿನ್‌ಗಳೊಳಗೆ ಹೋದದ್ದು ಕೆನಡಾ ಹೆಬ್ಬಾತುಗಳು, ಪರೀಕ್ಷೆಯ ಹಕ್ಕಿಗಿಂತ ಭಾರವಾದವು. ಅಲ್ಲಿ 155 ಜನರೂ ಬದುಕಿದ್ದು ಪೈಲಟ್‌ಗಳ ಚಾಕಚಕ್ಯತೆಯಿಂದ. ಅವರಿಗೆ ಯಾವ ನೋಟಾಮ್ ಕೂಡ ನೆರವಾಗಲಿಲ್ಲ.

ಕೆಲಸಕ್ಕೆ ಬರುವ ಎಚ್ಚರಿಕೆ ಹೇಗಿರಬೇಕೆಂದು ತೋರಿಸಿಕೊಟ್ಟದ್ದು ಇಸ್ರೇಲ್. ಆ ಪುಟ್ಟ ದೇಶದ ಮೇಲೆ ವರ್ಷಕ್ಕೆರಡು ಸಲ ಸುಮಾರು 50 ಕೋಟಿ ವಲಸೆ ಹಕ್ಕಿಗಳು ಹಾದುಹೋಗುತ್ತವೆ. ಕೊಕ್ಕರೆ, ಹೆಜ್ಜಾರ್ಲೆ, ಗಿಡುಗಗಳಂಥ ಭಾರದ ಹಕ್ಕಿಗಳು ರೆಕ್ಕೆ ಬಡಿಯುವುದಕ್ಕಿಂತ ಹೆಚ್ಚಾಗಿ ಬಿಸಿಗಾಳಿಯ ಕಂಬ ಹಿಡಿದು ತೇಲುತ್ತವೆ. ಅಂಥ ಕಂಬ ಏಳುವುದು ಕಾದ ನೆಲದ ಮೇಲೆ. ಸಮುದ್ರದ ಮೇಲೆ ಏಳುವುದು ಕಡಿಮೆ. ಹಾಗಾಗಿ ಅವು ಮೆಡಿಟರೇನಿಯನ್ ದಾಟದೆ ಅಂಚಿನ ನೆಲ ಹಿಡಿದು ಬರುತ್ತವೆ. 1980ರ ದಶಕದಲ್ಲಿ ಪಕ್ಷಿತಜ್ಞ ಯೋಸಿ ಲೆಶೆಮ್ ಮೋಟಾರು ಗ್ಲೈಡರ್ ಹತ್ತಿ ಈ ಹಿಂಡುಗಳ ಜೊತೆಜೊತೆಗೇ ಹಾರಿದರು. ಯಾವ ಹಕ್ಕಿ, ಯಾವ ವಾರದಲ್ಲಿ, ದಿನದ ಯಾವ ಹೊತ್ತಿಗೆ, ಎಷ್ಟು ಎತ್ತರದಲ್ಲಿ ಎಂಬುದರ ನಕ್ಷೆ ತಯಾರಾಯಿತು. ಆ ದಿನಗಳಲ್ಲಿ ಆ ಎತ್ತರಗಳಿಗೆ ಹೋಗಬೇಡಿ ಎಂದು ವಾಯುಪಡೆ ತನ್ನ ಪೈಲಟ್‌ಗಳಿಗೆ ಹೇಳಿತು. ಅಪಘಾತಗಳು ಗಣನೀಯವಾಗಿ ಇಳಿದವು. ಹಕ್ಕಿಗಳನ್ನು ಒಂದಿಂಚೂ ಸರಿಸಿರಲಿಲ್ಲ! ಅಮೆರಿಕದ ವಾಯುಪಡೆ ಇಂದು ಹವಾಮಾನ ರೇಡಾರುಗಳಲ್ಲಿ ಕಾಣುವ ಹಿಂಡುಗಳನ್ನೂ ಲೆಕ್ಕಕ್ಕೆ ಹಿಡಿದು ಆಯಾ ಮಾರ್ಗದ ಅಪಾಯವನ್ನು ಅಲ್ಪ, ಮಧ್ಯಮ, ತೀವ್ರ ಎಂದು ಹೇಳುತ್ತದೆ.

ಇದಕ್ಕೆಲ್ಲ ಬೇಕಾದದ್ದು ಪಕ್ಷಿಜ್ಞಾನ. ನಮ್ಮಲ್ಲಿ ಅದರ ಸರಕಿಗೆ ಬರವಿಲ್ಲ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ನೆಲ ಬಿಟ್ಟೇಳುತ್ತದೆ, ಹದ್ದುಗಳು ಅದರ ಮೇಲೆ ಮುಗಿಬೀಳುತ್ತವೆ. ಟಿಟ್ಟಿಭ ಬಯಲಿನಲ್ಲೇ ಮೊಟ್ಟೆಯಿಡುತ್ತದೆ, ರನ್‌ವೇ ಪಕ್ಕದ ಹುಲ್ಲುಗಾವಲು ಅದಕ್ಕೆ ಬಯಲೇ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ತಂಗುತ್ತವೆ, ಮೇವಿಗೆ ಹೊಲಗಳಿಗೆ ಹಾರಿಹೋಗುತ್ತವೆ. ಹಳ್ಳಿಯ ಹುಡುಗನಿಗೂ ಗೊತ್ತಿರುವ ಈ ಸಂಗತಿಗಳನ್ನು ಪೈಲಟ್ ಆಗುವವನೂ ಓದಬೇಕೆಂಬುದು ನನ್ನ ವಾದ. ಎಚ್‌ಎಕ್ಸ್ ಅರ್ಥಕ್ಕೆ ಒಂದು ಅಂಕವಿದ್ದರೆ, ‘ಮಳೆ ನಿಂತ ಸಂಜೆ ಆರಕ್ಕೆ ಹದ್ದು ಎಲ್ಲಿರುತ್ತದೆ’ ಎಂಬುದಕ್ಕೆ ಎರಡಿರಲಿ.

ಅಮೆರಿಕದ ಪೈಲಟ್ ಕೈಪಿಡಿಯಲ್ಲಿ ಇಂಥದೊಂದು ಸಾಲು ಸಿಗುತ್ತದೆ: ದಾರಿಯಲ್ಲಿ ಹಿಂಡು ಎದುರಾದರೆ ಮೇಲಕ್ಕೇರಿ. ಹಿಂಡಿನ ಮುಂದಾಳು ಹಕ್ಕಿ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ, ಉಳಿದವು ಸಾಮಾನ್ಯವಾಗಿ ಅದರ ಕೆಳಗೆ ಹರಡಿಕೊಂಡಿರುತ್ತವೆ ಎಂಬುದು ಕೈಪಿಡಿ ಕೊಡುವ ಕಾರಣ. ಹಿಂಡನ್ನು ತಾಳ್ಮೆಯಿಂದ ನೋಡಿದವರು ಮಾತ್ರ ಬರೆಯಬಲ್ಲ ಸಾಲು ಅದು.

ಎಚ್ಚರಿಕೆ ಚೆನ್ನಾಗಿರಬೇಕಾದರೆ ಹಿಂದೆ ಬಡಿದ ಹಕ್ಕಿ ಯಾವುದೆಂದು ತಿಳಿದಿರಬೇಕು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್‌ನಲ್ಲಿ ಆ ಕೆಲಸ ಶುರುವಾದದ್ದು ಬಾಸ್ಟನ್ ಅಪಘಾತದ ಪುಕ್ಕಗಳನ್ನು ಅಲ್ಲಿನ ಪಕ್ಷಿತಜ್ಞೆ ರಾಕ್ಸಿ ಲೇಬೋರ್ನ್ ಗುರುತಿಸಿದಾಗಿನಿಂದ. 1973ರಲ್ಲಿ ಐವರಿ ಕೋಸ್ಟ್‌ನ ಮೇಲೆ 37,000 ಅಡಿ ಎತ್ತರದಲ್ಲಿ ಜೆಟ್ ವಿಮಾನಕ್ಕೆ ಬಡಿದದ್ದು ರಪೆಲ್ ರಣಹದ್ದು ಎಂದು ಪತ್ತೆಯಾದದ್ದೂ ಅಲ್ಲಿಗೆ ಕಳಿಸಿದ ಪುಕ್ಕದ ಚೂರುಗಳಿಂದಲೇ. ಬರ್ಡ್ ಹಿಟ್ ಆಯಿತೆಂದು ಫಾರಂ ತುಂಬಿ, ‘ಹಕ್ಕಿಯ ಜಾತಿ’ ಎಂಬ ಜಾಗದಲ್ಲಿ ‘ಗೊತ್ತಿಲ್ಲ’ ಎಂದು ಬರೆದು ಎಂಜಿನ್ ತೊಳೆದುಬಿಟ್ಟರೆ, ಮುಂದಿನ ಮಳೆಗಾಲಕ್ಕೂ ಅದೇ ಹಳೆಯ ನೋಟಾಮ್ ಹೊರಡುತ್ತದೆ.